ವ್ಯಾಸಪೀಠದ ಮೇಲಿಟ್ಟ ಕಟ್ಟುಕಥೆ

ನಾಲಗೆಗೆ ಮಾತನ್ನೂ ಮಾತಿಗೆ ಅರ್ಥವನ್ನೂ ಕರುಣಿಸಿದ ತಾಯಿಗೆ ಮೊದಲ ನಮಸ್ಕಾರ. ಮರಳಿನ ಮೇಲೆ ಬೆರಳು ಹಿಡಿದು ತಿದ್ದಿಸಿದ ತಂದೆಯವರಿಗೆ, ಕಾವ್ಯದ ಅನ್ವಯವನ್ನು ತಾಳ್ಮೆಯಿಂದ ಬಿಡಿಸಿ ತೋರಿದ ಪಾಠಶಾಲೆಯ ಗುರುಗಳಿಗೆ, ನನ್ನ ಒಡಕು ಕಂಠವನ್ನು ಇಷ್ಟು ವರ್ಷ ಸಹಿಸಿಕೊಂಡ ಚಾಮರಾಜನಗರ, ಗುಂಡ್ಲುಪೇಟೆಗಳ ಶ್ರೋತೃಗಳಿಗೆ ನಾನು ಋಣಿ. ಈಗ ಹೇಳಹೊರಟಿರುವುದು ನನಗೆ ಗೌರವ ತರುವ ಸಂಗತಿಯಲ್ಲ. ಅದರಲ್ಲಿ ಪಾಲುಗೊಂಡವರೆಲ್ಲ ನನಗಿಂತ ಒಳ್ಳೆಯವರಾಗಿದ್ದರು ಎಂಬ ಒಂದೇ ಕಾರಣಕ್ಕೆ ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ವರ್ಷಗಳವು. ಪ್ರೌಢಶಾಲೆಯ ಕನ್ನಡ ಪಂಡಿತನ ಕೆಲಸದಿಂದ ನಿವೃತ್ತನಾಗಿ ಚಾಮರಾಜನಗರದಲ್ಲೇ ನೆಲೆಸಿದ್ದೆ. ಕರೆದವರ ಊರಿಗೆ ಹೋಗಿ ಪುರಾಣ ಓದಿ ಅರ್ಥ ಹೇಳಿ ಬರುತ್ತಿದ್ದೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಿಜ್ಞಾನದ ಮೇಷ್ಟರೊಬ್ಬರು ಬಾಡಿಗೆಗಿದ್ದರು. ವಯಸ್ಸಿನಲ್ಲಿ ನನ್ನ ಮಗನಷ್ಟಾದರೂ ಸಂಜೆಯ ಹೊತ್ತು ನಮ್ಮ ಜಗಲಿಗೆ ಬಂದು ಕೂರುವ ಸಲಿಗೆ ಅವರಿಗಿತ್ತು. ಒಮ್ಮೆ ಅವರು, ಶಬ್ದವು ಗಾಳಿಯ ಮೂಲಕವಷ್ಟೇ ಅಲ್ಲ, ಮೂಳೆಯ ಮೂಲಕವೂ ಒಳಗಿವಿಯನ್ನು ಮುಟ್ಟುತ್ತದೆ ಎಂದರು. ಹಪ್ಪಳ ಕಡಿಯುವಾಗ ನಮ್ಮ ತಲೆಯೊಳಗೆ ಏಳುವ ಸದ್ದು ಪಕ್ಕದವನಿಗೆ ಅಷ್ಟು ದೊಡ್ಡದಾಗಿ ಕೇಳದಲ್ಲ, ಅದನ್ನೇ ನೋಡಿ ಎಂದರು.

ಆ ಒಂದು ಬೀಜ ನನಗೆ ಸಾಕಾಯಿತು. ವಾರಪತ್ರಿಕೆಯೊಂದು ವಿಜ್ಞಾನದ ಕಥೆಗಳನ್ನು ಆಹ್ವಾನಿಸಿತ್ತು. ನಾನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ, ಯಾವುದೋ ಒಂದು ಕಾಲದಲ್ಲಿ, ತಪಸ್ವಿಯಂಥ ವಿಜ್ಞಾನಿಯೊಬ್ಬನನ್ನು ನಿಲ್ಲಿಸಿದೆ. ಅವನು ತಾಮ್ರದ ಎಲೆಯೊಂದನ್ನು ತಟ್ಟಿ ಸಿದ್ಧಪಡಿಸುತ್ತಾನೆ. ಕಿವುಡರು ಅದನ್ನು ಹಲ್ಲಿನಲ್ಲಿ ಕಚ್ಚಿ ಗರ್ಭಗುಡಿಗೆ ಮುಖಮಾಡಿ ನಿಂತರೆ ಅವರಿಗೆ ಮೊದಲು ಕೇಳಿಸುವುದು ಪೂಜೆಯ ಶಂಖನಾದ. ಕಥೆ ಅಚ್ಚಾಯಿತು. ಓದಿದ ಮೇಷ್ಟರು ಭಾಷೆಯನ್ನು ಹೊಗಳಿದರು. ಆದರೆ ಎಲೆಗೆ ಶಕ್ತಿ ಎಲ್ಲಿಂದ ಬಂತು, ಒಳಗಿವಿಯ ನರವೇ ಸತ್ತಿದ್ದರೆ ಏನು ಗತಿ ಎಂದು ಮೆಲ್ಲಗೆ ಕೇಳಿದರು. ಕವಿಗೆ ಆ ಉಸಾಬರಿ ಯಾಕೆಂದು ನಕ್ಕುಬಿಟ್ಟೆ.

ಕೆಲವು ತಿಂಗಳ ಮೇಲೆ ಗುಂಡ್ಲುಪೇಟೆಯಲ್ಲಿ ಒಂದು ವಾರದ ಪುರಾಣ ವಾಚನ. ನಡೆಸುತ್ತಿದ್ದವರು ಅಲ್ಲಿಯ ಹಿರಿಯ ವರ್ತಕರೊಬ್ಬರು, ಹಣೆತುಂಬ ವಿಭೂತಿಯ ಶಿವಭಕ್ತರು. ಒಂದು ಸಂಜೆ ಓದು ಬೇಗ ಮುಗಿಯಿತು. ಅವರು ಪತ್ರಿಕೆಯನ್ನು ಹಿಡಿದು ಬಂದು, "ನಿಮ್ ಕಥೆ ಬಂದದಂತಲ್ಲ ಪಂಡಿತ್ರೇ, ಅದ್ನೂ ಒಸಿ ಓದ್ಬುಡಿ" ಎಂದರು.

ಇಲ್ಲಿ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಬೇಕು. ಓದು ಮುಗಿದ ಮೇಲೆ ಗ್ರಂಥವನ್ನು ವಸ್ತ್ರದಲ್ಲಿ ಸುತ್ತಿ, ಮಂಗಳಾರತಿ ಎತ್ತಿ, ವಾಚಕನು ಮಣೆಯಿಂದ ಕೆಳಗಿಳಿಯುತ್ತಾನೆ. ಅಲ್ಲಿಂದ ಮುಂದೆ ಲೋಕದ ಮಾತು. ಮಂಗಳಾರತಿಗೆ ಮೊದಲು ಆ ಮಣೆಯ ಮೇಲಿಂದ ಬಂದದ್ದೆಲ್ಲ ಪುರಾಣವೇ. ಕೇಳುವವರು ಕಾಲು ಕೂಡ ಚಾಚುವುದಿಲ್ಲ. ಇದನ್ನು ಬಲ್ಲ ನಾನೇ, ಗ್ರಂಥವಿರುವ ವ್ಯಾಸಪೀಠದ ಮೇಲೆ ಪತ್ರಿಕೆಯನ್ನು ಹರಡಿಕೊಂಡು, ಅದೇ ಧಾಟಿಯಲ್ಲಿ ಓದಿದೆ. ಶಂಖನಾದದ ಘಟ್ಟ ಬಂದಾಗ ಹೆಂಗಸರು ಕೈಮುಗಿದರು. ನನ್ನ ಶೈಲಿಗೆ ಸಂದ ಮನ್ನಣೆಯೆಂದುಕೊಂಡು ಸುಖಪಟ್ಟೆ. ಆಮೇಲೆ ಮಂಗಳಾರತಿಯಾಯಿತು.

ತಿಂಗಳೆರಡು ಕಳೆದಿರಬೇಕು. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಬಂದ ಇಬ್ಬರು ನಿಂತಿದ್ದರು. ನಡುವಯಸ್ಸಿನ ಒಬ್ಬ ಬೇಸಾಯಗಾರ, ಅವನ ವೃದ್ಧ ತಾಯಿ. ಗುಂಡ್ಲುಪೇಟೆಯಲ್ಲಿದ್ದ ತಂಗಿಯ ಮನೆಗೆ ಹೋದಾಗ ಅವನು ನನ್ನ ವಾಚನ ಕೇಳಿದ್ದನಂತೆ. ತಾಯಿಗೆ ವರ್ಷಗಳ ಹಿಂದೆ ಜ್ವರ ಬಂದು, ಕಿವಿ ಸೋರಿ ಸೋರಿ, ಕೇಳಿಸುವುದೇ ನಿಂತುಹೋಗಿತ್ತು. ಅವನು ಮಡಿಲ ಗಂಟಿನಿಂದ ಒಂದು ತಾಮ್ರದ ಎಲೆಯನ್ನು ತೆಗೆದು ನನ್ನ ಪಾದದ ಬಳಿ ಇಟ್ಟ.

"ನೀವು ಏಳ್ದಂಗೇ ಮಾಡ್ದೊ ಅಯ್ನೋರೇ. ಬೆಟ್ಟಕ್ ಓಗಿ ಗೋಪಾಲಸ್ವಾಮಿ ಮುಂದ್ಗಡೆ ನಿಲ್ಸ್ದೊ. ಅವ್ವುಂಗೆ ಶಂಖ ಕೇಳ್ನಿಲ್ಲ. ನಾವೇನ್ ತಪ್ ಮಾಡ್ದೊ, ಅದೊಂದ್ ಏಳ್ಬುಡಿ."

ತಾಯಿ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಕಿವಿ ಕೇಳದವರ ಎತ್ತರದ ದನಿಯಲ್ಲಿ, "ಮುಂದ್ಲಲ್ಲು ಬಿದ್ದೋಗವೆ ಅಯ್ನೋರೇ, ದವಡೇಲಿ ಕಚ್ಕಂಡಿದ್ದಿ. ಅದ್ಕೇ ಆಗ್ನಿಲ್ವೇನೋ" ಎಂದು ಬಾಯಿ ತೆರೆದು ತೋರಿಸಿದರು.

ಮಗ ಹೇಳಿದ ಇನ್ನೊಂದು ಮಾತು ನನ್ನನ್ನು ನೆಲಕ್ಕಿಳಿಸಿತು. ಬೆಟ್ಟದಿಂದ ಹಿಂದಿರುಗಿದಂದಿನಿಂದ ಆಕೆ ಶನಿವಾರಗಳಲ್ಲಿ ಒಪ್ಪೊತ್ತು ಮಾಡುತ್ತಿದ್ದರಂತೆ. ಸ್ವಾಮಿಗೆ ತನ್ನ ಮೇಲೆ ಮುನಿಸು, ಹಿಂದೆ ಯಾವುದೋ ಪಾಪ ಮಾಡಿರಬೇಕು, ಇಲ್ಲವಾದರೆ ಎಲ್ಲರಿಗೂ ಕೇಳಿಸಿದ್ದು ತನಗೇಕೆ ಕೇಳದು ಎಂದು ಸೊರಗುತ್ತಿದ್ದರಂತೆ. ಕಥೆಯಲ್ಲಿ ಕಿವುಡರು ಎಲ್ಲರೂ ಕೇಳಿಸಿಕೊಂಡಿದ್ದರಲ್ಲ!

"ಅದು ನಾನು ಕಟ್ಟಿದ್ದಪ್ಪ, ನಡೆದದ್ದಲ್ಲ" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವನ ಮುಖದಲ್ಲಿ ಕೋಪವಿರಲಿಲ್ಲ. "ಕಟ್ಟುದ್ದಾ? ಇನ್ನೂ ಮಂಗ್ಳಾರ್ತಿ ಆಗಿರ್ನಿಲ್ವಲ್ಲ ಅಯ್ನೋರೇ."

ಏನಂದರೆಂದು ತಾಯಿ ಬೀದಿಗೆ ಕೇಳುವಂತೆ ವಿಚಾರಿಸಿದರು. ಮಗ ಆಕೆಗೆ ಏನನ್ನೂ ತಿಳಿಸದೆ ಎಲೆಯನ್ನು ಮತ್ತೆ ಗಂಟಿಗೆ ಸೇರಿಸಿಕೊಂಡ.

ನನ್ನ ಹೆಂಡತಿ ಇಬ್ಬರಿಗೂ ಮಜ್ಜಿಗೆ ಕೊಟ್ಟು, ಹಿತ್ತಲಿನಿಂದಲೇ ಮೇಷ್ಟರಿಗೆ ಹೇಳಿಕಳುಹಿಸಿದಳು. ಅವರು ಶಾಲೆಯ ಶ್ರುತಿಕವೆಯನ್ನು, ಎಂದರೆ ತಟ್ಟಿದರೆ ಗುಂಯ್ಗುಡುವ ಕವಲೊಡೆದ ಉಕ್ಕಿನ ಕಡ್ಡಿಯನ್ನು, ತೆಗೆದುಕೊಂಡು ಬಂದರು. ಅಂಗೈಗೆ ತಟ್ಟಿ ಆಕೆಯ ಕಿವಿಯ ಬಳಿ ಹಿಡಿದರು. ಆಕೆ ಇಲ್ಲವೆಂದು ತಲೆಯಾಡಿಸಿದರು. ಮತ್ತೆ ತಟ್ಟಿ, ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಆಕೆ ಥಟ್ಟನೆ ಮೇಷ್ಟರ ಮಣಿಕಟ್ಟನ್ನು ಹಿಡಿದುಕೊಂಡರು.

"ಜೇನು ಕಣ್ಲಾ ಮಗ. ತಲೆ ಒಳ್ಗೆ ಜೇನೆದ್ದದೆ."

ಹಾಗಾದರೆ ಕೇಳಿಸುತ್ತದೆಯೇ ಎಂದು ಮಗ ಆಸೆಯಿಂದ ಕೇಳಿದ. ಮೇಷ್ಟರು, ಗೊತ್ತಿಲ್ಲ ಎಂದರು. ಒಳಗಿವಿ ಇನ್ನೂ ಎಚ್ಚರವಿರಬಹುದು ಎನ್ನುವಷ್ಟನ್ನೇ ಈ ಕಡ್ಡಿ ಹೇಳುತ್ತದೆ, ಎಷ್ಟು ಎಚ್ಚರವಿದೆಯೋ ಗೊತ್ತಿಲ್ಲ, ಮೈಸೂರಿನಲ್ಲಿ ಕಿವಿಯ ವೈದ್ಯರು ನೋಡಬೇಕು ಎಂದರು. ಗೊತ್ತಿಲ್ಲವೆಂಬ ಆ ಮಾತನ್ನು ಅವರು ಎಷ್ಟು ಸಲೀಸಾಗಿ ಆಡಿದರು! ನನ್ನ ಕಥೆಯ ವಿಜ್ಞಾನಿಯ ಬಾಯಲ್ಲಿ ನಾನು ಅದನ್ನು ಒಮ್ಮೆಯೂ ಆಡಿಸಿರಲಿಲ್ಲ. ಒಂದೇ ಬೀಜವನ್ನು ನಾವಿಬ್ಬರೂ ಕೈಯಲ್ಲಿ ಹಿಡಿದಿದ್ದೆವು. ನಾನು ಅದರಿಂದ ಹೂವನ್ನು ಬಯಸಿದ್ದೆ, ಅವರು ಅದು ಮೊಳೆಯುವುದೋ ಇಲ್ಲವೋ ಎಂದು ನೋಡಬಯಸಿದ್ದರು. ಕಲ್ಪಿಸುವುದು ದೋಷವೆಂದು ನಾನು ಇಂದಿಗೂ ಭಾವಿಸುವುದಿಲ್ಲ. ಕಲ್ಪಿಸಿದವನು ಅದು ಕಲ್ಪನೆಯೆಂದು ಹೇಳಬೇಕಾದ ಹೊತ್ತಿನಲ್ಲಿ ಹೇಳದಿರುವುದು ದೋಷ.

ಮೈಸೂರಿಗೆ ನಾನೂ ಜೊತೆಯಲ್ಲಿ ಹೋದೆ. ಪರೀಕ್ಷಿಸಿದ ವೈದ್ಯರು, ಕಿವಿಯ ತಮಟೆಯೂ ಅದರ ಹಿಂದಿನ ಪುಟ್ಟ ಮೂಳೆಗಳೂ ಹಾಳಾಗಿವೆ, ಒಳಗಿವಿ ಸಾಕಷ್ಟು ಉಳಿದಿದೆ ಎಂದರು. ಕೆಲವು ವಾರಗಳ ಓಡಾಟದ ಮೇಲೆ ಒಂದು ಯಂತ್ರ ಬಂತು. ಸೊಂಟಕ್ಕೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ, ಅದರಿಂದೊಂದು ತಂತಿ, ತಲೆಗೆ ಬಿಗಿಯುವ ಪಟ್ಟಿ, ಮೂಳೆಯನ್ನು ಒತ್ತುವ ಗುಂಡಿ. ಎಲ್ಲವೂ ಕೇಳುತ್ತಿರಲಿಲ್ಲ. ಬಸ್ಸಿನಲ್ಲಿ ಬರೀ ಮೊರೆತ. ಎದುರು ಕೂತು ನಿಧಾನವಾಗಿ ಆಡಿದ ಮಾತು ಮಾತ್ರ ತಿಳಿಯುತ್ತಿತ್ತು. ಮೊದಲ ದಿನವೇ ಸೊಸೆಗೆ, "ಪಾತ್ರೆ ಮೆಲ್ಗಿಡು ಕಣಮ್ಮಿ, ಇಷ್ಟ್ ವರ್ಸ ಇಂಗೇ ಕುಕ್ತಿದ್ಯಾ?" ಎಂದರಂತೆ.

ನಾಚಿಕೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಸುದ್ದಿ ಗುಂಡ್ಲುಪೇಟೆಗೆ ಮುಟ್ಟಿ, ಆ ಹಿರಿಯ ವರ್ತಕರು ಹಣ್ಣಿನ ತಟ್ಟೆ ಹಿಡಿದು ನಮ್ಮ ಮನೆಗೇ ಬಂದರು. ಪಂಡಿತರು ಬರೆದದ್ದು ನಿಜವಾಯಿತು ಎಂದು ಊರು ಆಡುತ್ತಿತ್ತಂತೆ. ನಾನು ಅಲ್ಲಗಳೆದೆ. ಆ ಯಂತ್ರ ನನ್ನ ಕಥೆಗಿಂತ ಎಷ್ಟೋ ಮೊದಲೇ ಇತ್ತು, ಯಾರೋ ಎಷ್ಟೋ ಸಲ ಸೋತು ಮಾಡಿದ್ದು, ನನ್ನ ಎಲೆಯಿಂದ ಆದದ್ದು ಆ ತಾಯಿಯ ಉಪವಾಸ ಮಾತ್ರ ಎಂದೆ. ಅವರು ನಕ್ಕು, "ದೊಡ್ಡೋರು ಅಂಗೇ ಅನ್ನಾದು ಬುಡಿ" ಎಂದು ಕಾಲಿಗೆರಗಿದರು. ಆ ನಮಸ್ಕಾರದ ಕೆಳಗೆ ನಾನು ಕುಗ್ಗಿಹೋದಷ್ಟು ಮತ್ತೆಂದೂ ಕುಗ್ಗಿಲ್ಲ.

ಆಗ ಹೊಳೆಯಿತು: ತಿಳಿಯಲೇಬೇಕಾಗಿದ್ದ ಒಬ್ಬರಿಗೆ ಸತ್ಯವನ್ನು ಇನ್ನೂ ಯಾರೂ ಹೇಳಿರಲಿಲ್ಲ. ಮರುದಿನವೇ ಉಮ್ಮತ್ತೂರಿಗೆ ಹೋದೆ. ಆಕೆ ಹಟ್ಟಿಯ ಮುಂದೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಎದುರಿಗೆ ಕುಳಿತು, ಬಿಡಿಸಿ ಬಿಡಿಸಿ ಎಲ್ಲವನ್ನೂ ಹೇಳಿದೆ. ಬೆಟ್ಟದ ಕಥೆ ನನ್ನ ಕೈಯ ಕೆಲಸ, ಕಿವುಡರಾರೂ ಅಲ್ಲಿ ಶಂಖ ಕೇಳಿಲ್ಲ, ತಾಮ್ರದ ಎಲೆಗೆ ಯಾವ ಮಹಿಮೆಯೂ ಇಲ್ಲ ಎಂದೆ.

ಆಕೆ ಸುಲಿಯುವುದನ್ನು ಬಿಟ್ಟು ತಲೆಯೆತ್ತಿದರು.

"ಅಂಗಾರೆ ಗೋಪಾಲಸ್ವಾಮಿ ಮುನ್ಸ್ಕಂಡಿರ್ನಿಲ್ವಾ?"

"ಇಲ್ಲ ತಾಯಿ. ಯಾವತ್ತೂ ಇರಲಿಲ್ಲ."

"ಅಷ್ಟ್ ಸಾಕು ಬುಡಿ" ಎಂದು ಆಕೆ ಕಣ್ಣೊರೆಸಿಕೊಂಡರು. ನನ್ನ ಮೇಲೆ ಒಂದು ಕಟುವಾದ ಮಾತೂ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಭಗವಂತನು ಆ ತಾಯಿಯ ಮನಸ್ಸನ್ನು ನಿಶ್ಚಿಂತವಾಗಿಡಲಿ, ಬೈಯದೆ ಕೇಳಿದ ಮಗನ ಹೊಲ ಹಸನಾಗಲಿ. ಮೇಷ್ಟರ ಶಿಷ್ಯರಿಗೆ ಅವರಂತೆಯೇ ತಿಳಿಯದ್ದನ್ನು ತಿಳಿಯದೆನ್ನುವ ಧೈರ್ಯ ಬರಲಿ. ಆ ಯಂತ್ರ ಮಾಡಿದ, ಹೆಸರು ತಿಳಿಯದವರಿಗೂ, ನಂಬಿ ಕೈಮುಗಿದ ಗುಂಡ್ಲುಪೇಟೆಯ ಹೆಂಗಸರಿಗೂ, ಕಾಲಿಗೆರಗಿದ ಹಿರಿಯರಿಗೂ ಶುಭವಾಗಲಿ.