ಫೋಟೋದಾತನ ಕಡೆಯವರು

ಅವರು ಯಾವುದನ್ನೂ ಅಂಗೈ ತುಂಬ ಹಿಡಿಯುತ್ತಿರಲಿಲ್ಲ. ಬಸ್ ಟಿಕೆಟ್ಟಾಗಲಿ, ಲಗ್ನಪತ್ರಿಕೆಯಾಗಲಿ, ತಟ್ಟೆಯಲ್ಲಿದ್ದ ಮಿರ್ಚಿಯಾಗಲಿ, ಹೆಬ್ಬೆರಳು ಮತ್ತು ತೋರುಬೆರಳ ತುದಿಯಿಂದ ಅಂಚು ಹಿಡಿದೇ ಎತ್ತುವುದು. ಫೋಟೋದ ಮೇಲೆ ಬೆರಳಚ್ಚು ಮೂಡಬಾರದೆಂದು ಮಾಡಿಕೊಂಡ ರೂಢಿ, ಕೈಗೇ ಅಂಟಿಕೊಂಡುಬಿಟ್ಟಿತ್ತು. ರೊಟ್ಟಿ ಮುರಿಯುವಾಗಲೂ ಹಾಗೇ. ಮನೆಯವರು ಹೇಳಿ ಹೇಳಿ ಬೇಸತ್ತು ಸುಮ್ಮನಾಗಿದ್ದರಂತೆ.

ನಾವೆಲ್ಲ ಅವರನ್ನು ಲ್ಯಾಬಿನಣ್ಣ ಎನ್ನುತ್ತಿದ್ದೆವು. ಹಾಗಂತ ಲ್ಯಾಬು ಅವರದೇನಲ್ಲ. ಲ್ಯಾಬು ಇದ್ದದ್ದು ದಾವಣಗೆರೆಯಲ್ಲಿ, ಅವರ ಮನೆ ಕೊಟ್ಟೂರಲ್ಲಿ. ತೊಂಬತ್ತರ ದಶಕದಲ್ಲಿ ನಮ್ಮ ಸಣ್ಣ ಊರುಗಳಲ್ಲಿ ಕಲರ್ ರೋಲು ತೊಳೆಯುವ ಯಂತ್ರ ಎಲ್ಲಿತ್ತು? ಅವರು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿ, ನಾವು ಮದುವೆಗಳಲ್ಲಿ ತೆಗೆದ ರೋಲುಗಳನ್ನು ಒಂದು ರೆಕ್ಸಿನ್ ಚೀಲಕ್ಕೆ ಹಾಕಿಕೊಂಡು ದಾವಣಗೆರೆಗೆ ಒಯ್ಯುತ್ತಿದ್ದರು. ತೊಳೆಸಿ, ಪ್ರಿಂಟು ಹಾಕಿಸಿ ತಂದುಕೊಡುತ್ತಿದ್ದರು. ಬಸ್ಸಿನಲ್ಲಿ ಆ ಚೀಲವನ್ನು ಮೇಲೆ ಇಡುತ್ತಿರಲಿಲ್ಲ, ಕೆಳಗೆ ಇಡುತ್ತಿರಲಿಲ್ಲ, ಡ್ರೈವರನ ಪಕ್ಕದ ಎಂಜಿನ್ ಡಬ್ಬಿಯ ಹತ್ತಿರವಂತೂ ಸುಳಿಯಗೊಡುತ್ತಿರಲಿಲ್ಲ. ಬಿಸಿ ತಾಗಿದರೆ ಬಣ್ಣ ಕೆಡುತ್ತದೆ. ಬೇಸಿಗೆಯಲ್ಲಿ ಒದ್ದೆ ಟವೆಲು ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಇಳಿದಾಗ ಪ್ಯಾಂಟು ಒದ್ದೆಯಾಗಿ, ಬಸ್ ನಿಲ್ದಾಣದ ಹುಡುಗರು ಮುಸಿಮುಸಿ ನಗುತ್ತಿದ್ದರು.

ನನಗೆ ಸ್ಟುಡಿಯೋ ಇರಲಿಲ್ಲ. ಕೂಡ್ಲಿಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ನೀಲಿ ಪರದೆ, ಒಂದು ಸ್ಟೂಲು, ಅಷ್ಟೇ. ಯಾರಾದರೂ ಕರೆದರೆ ಹೋಗುವುದು, ಕರೆಯದಿದ್ದರೆ ಕ್ಯಾಮೆರಾ ಒರೆಸುತ್ತ ಕೂರುವುದು. ಯಜಮಾನ ಎನ್ನುವವನು ಇಲ್ಲ ಎಂದು ಮೊದಮೊದಲು ಬೀಗಿದ್ದೆ. ಕ್ರಮೇಣ ಗೊತ್ತಾಯಿತು, ಜೊತೆಯವನು ಎನ್ನುವವನೂ ಇಲ್ಲ. ಮದುವೆಯಲ್ಲಿ ಅಡುಗೆಯವರದು ಒಂದು ಗುಂಪು, ಬ್ಯಾಂಡಿನವರದು ಇನ್ನೊಂದು. ಮಧ್ಯಾಹ್ನ ಬೇವಿನ ಮರದಡಿ ಕೂತು ಬೀಡಿ ಹಚ್ಚಿ, ಬೀಗರನ್ನು ಆಡಿಕೊಂಡು ನಗುತ್ತಿದ್ದರು. ನಾನು ಅತಿಥಿಯೂ ಅಲ್ಲ, ಆಳೂ ಅಲ್ಲ. ಪಾಯಸದ ಪಾತ್ರೆಯ ತಳ ಕಂಡ ಮೇಲೆ ಯಾರೋ ನೆನಪಿಸಿಕೊಂಡು "ಫೋಟೋದಾತ ಉಂಡ್ನೇನು?" ಎನ್ನುತ್ತಿದ್ದರು. ಆ ಹೊತ್ತಿಗೆ ಹಸಿವೂ ಸತ್ತುಹೋಗಿರುತ್ತಿತ್ತು. ರಾತ್ರಿ ಮನೆಗೆ ಬಂದರೆ, ಇವತ್ತು ಬೆಳಕು ಹೇಗಿತ್ತು, ಫ್ಲ್ಯಾಶು ಹೇಗೆ ಕೈಕೊಟ್ಟಿತು ಎಂದು ಹೇಳಿಕೊಂಡರೆ ತಿಳಿಯುವವರು ಯಾರೂ ಇರಲಿಲ್ಲ. ದಣಿವಿಗಿಂತ ಅದೇ ಹೆಚ್ಚು ಸುಸ್ತು ಮಾಡುತ್ತಿತ್ತು.

ಹಾಗಂತ ಬೇರೆ ಫೋಟೋದವರು ಇರಲಿಲ್ಲವೆಂದಲ್ಲ. ಇದ್ದರು, ನನ್ನ ಹೊಟ್ಟೆ ಉರಿಸಲಿಕ್ಕೆ. ಹಡಗಲಿಯವನೊಬ್ಬ ನಮ್ಮ ಕೂಡ್ಲಿಗಿಯ ಮದುವೆಗಳಿಗೂ ಬಂದು ಹೋಗುತ್ತಿದ್ದ. ಅವನ ಮುಖ ನೋಡಿರಲಿಲ್ಲ, ಹೆಸರು ಕೇಳಿದರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಲ್ಯಾಬಿನಣ್ಣನಿಗೆ ಇದೆಲ್ಲ ಗೊತ್ತಿತ್ತು. "ನಿಮ್ಮ ರೋಲು ಒಂದ ಚೀಲದಾಗ ಮೈಗೆ ಮೈ ತಿಕ್ಕಿಕೊಂಡು ದಾವಣಗೇರಿಗೆ ಹೊಕ್ಕಾವ. ನೀವು ನೋಡಿದ್ರ ಮಾರಿ ತಿರುವ್ತೀರಿ," ಎನ್ನುತ್ತಿದ್ದರು. ಒಂದು ದಿನ ಪ್ರಿಂಟು ಕೊಡುತ್ತ, ಏನೋ ನೆನಪಾದವರಂತೆ, "ಹಡಗಲಿಯಾತ ನಿನ್ನ ಫೋಟೋ ನೋಡಿ, ಈತನ ಕೈ ಚಲೋ ಐತಿ ಅಂದ ನೋಡಪಾ," ಎಂದರು. ಅವತ್ತಿಡೀ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಎಷ್ಟೋ ಕಾಲದ ಮೇಲೆ ಹಡಗಲಿಯವನನ್ನು ಕೇಳಿದೆ. ಅವನು ಹಾಗೆ ಅಂದೇ ಇರಲಿಲ್ಲ. ಅವನ ಫೋಟೋ ನೋಡಿ ನಾನು ಹಾಗೆ ಅಂದೆನೆಂದು ಅಣ್ಣ ಅವನಿಗೂ ಹೇಳಿದ್ದರು.

ಇಟ್ಟಿಗಿ ಎಂಬ ಹಳ್ಳಿಯ ಮದುವೆಗೆ ನಾನು ಹೋದದ್ದು ಇದರ ಮಧ್ಯೆಯೇ. ಹಳೆಯ ಕ್ಯಾಮೆರಾದಲ್ಲಿ ರೋಲಿನ ತುದಿಯನ್ನು ಒಂದು ಹಲ್ಲುಚಕ್ರಕ್ಕೆ ಸಿಕ್ಕಿಸಬೇಕು. ಅವಸರದಲ್ಲಿ ಅದು ಸರಿಯಾಗಿ ಸಿಕ್ಕದಿದ್ದರೆ ಗೊತ್ತೇ ಆಗುವುದಿಲ್ಲ. ಗುಂಡಿ ಒತ್ತಿದರೆ ಟಕ್ ಎನ್ನುತ್ತದೆ, ಫ್ಲ್ಯಾಶು ಮಿಂಚುತ್ತದೆ, ಎಣಿಕೆಯೂ ಮುಂದೆ ಹೋಗುತ್ತದೆ. ರೋಲು ಮಾತ್ರ ಇದ್ದಲ್ಲೇ ಇರುತ್ತದೆ. ಭಟ್ಟರು ಗಡಿಬಿಡಿ ಮಾಡುತ್ತಿದ್ದಾಗ ನಾನು ಹೊಸ ರೋಲು ತುಂಬಿದ್ದೆ. ತಾಳಿ ಕಟ್ಟಿದ್ದು, ಅಕ್ಷತೆ ಬಿದ್ದದ್ದು, ಎಲ್ಲ ಆ ರೋಲಿನಲ್ಲೇ.

ಅಣ್ಣ ದಾವಣಗೆರೆಯಿಂದ ಬಂದವರು ಎಂದಿನಂತೆ ಹೊರಗೇ ನಿಂತು ಕೂಗಲಿಲ್ಲ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು ನೀರು ಕೇಳಿದರು. ಕುಡಿದು ಲೋಟ ಕೆಳಗಿಟ್ಟ ಮೇಲೆ, "ತಾಳಿ ಕಟ್ಟಿದ ರೋಲು ತಿರುಗೇ ಇಲ್ಲಪಾ," ಎಂದರು.

ಇಟ್ಟಿಗಿಯವರದು ದೊಡ್ಡ ಬಳಗ, ಸುತ್ತಲ ಊರುಗಳಲ್ಲೆಲ್ಲ ನೆಂಟರು. ಮುಹೂರ್ತದ ಫೋಟೋ ಕಳೆದವನು ಎಂದು ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ಯಾರ ಮನೆಯ ಚಪ್ಪರಕ್ಕೂ ಕರೆ ಬರುವುದಿಲ್ಲ. ನನಗೆ ಬರುತ್ತಿದ್ದ ಕೆಲಸ ಇದೊಂದೇ.

"ಕ್ಯಾಮೆರಾ ಮಾರಿಬಿಡ್ತೀನಣ್ಣ. ಮಾವನ ಗೊಬ್ಬರದ ಅಂಗಡ್ಯಾಗ ಕುಂದರ್ತೀನಿ," ಎಂದೆ.

"ಕುಂದರುವಂತಿ. ಗೊಬ್ಬರ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದ್ಲು ಇಟ್ಟಿಗಿಗೆ ಹೋಗಿ ಬರೋಣು."

"ಯಾವ ಮಾರಿ ಇಟ್ಕೊಂಡು ಬರ್ಲಿ?"

"ನಿನಗೊಬ್ಬಗ ಆಗೇತಿ ಅಂದ್ಕೊಂಡಿಯೇನು? ಖಾಲಿ ರೋಲು ಕೊಡದ ಊರು ನನ್ನ ಚೀಲದಾಗ ಒಂದೂ ಇಲ್ಲ."

ಯಾರ್ಯಾರದು ಎಂದು ಕೇಳಿದೆ. "ಅದನ್ನ ಅವರ ಬಾಯಿಲೇ ಕೇಳು. ನಾಳಿ ಮುಂಜಾನಿ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿಗೆ ಬಾ, ಅವರೂ ಬರ್ತಾರ," ಎಂದು ಎದ್ದು ಹೋದರು.

ಮರುದಿನ ಅಲ್ಲಿ ಮೂವರು ನಿಂತಿದ್ದರು. ಹಗರಿಬೊಮ್ಮನಹಳ್ಳಿಯವನು, ಹರಪನಹಳ್ಳಿಯವನು, ಮತ್ತು ನನ್ನ ಮೈ ಉರಿಸುತ್ತಿದ್ದ ಹಡಗಲಿಯವನು. ಕುಳ್ಳಗಿನ ಪಾಪದ ಮನುಷ್ಯ. ಯಾರೂ ಯಾರಿಗೂ ನಮಸ್ಕಾರ ಹೇಳಲಿಲ್ಲ. ಬಸ್ಸಿನಲ್ಲಿ ಬೇರೆ ಬೇರೆ ಸೀಟು ಹಿಡಿದು ಕಿಟಕಿಯ ಆಚೆ ನೋಡುತ್ತ ಕೂತೆವು.

ಇಟ್ಟಿಗಿಯ ಮನೆಯ ಮುಂದೆ ಚಪ್ಪರ ಇನ್ನೂ ಇತ್ತು, ಸೊಪ್ಪು ಒಣಗಿ ಸುರುಟಿತ್ತು. ಮದುಮಗನ ಅಜ್ಜಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಅಣ್ಣ ಸುತ್ತು ಬಳಸಲಿಲ್ಲ. "ತಪ್ಪಾಗೇತಮ್ಮ. ತಾಳಿ ಕಟ್ಟಿದ ಫೋಟೋ ಬಿದ್ದಿಲ್ಲ. ಸರಿ ಮಾಡಿಕೊಡಾಕ ಬಂದೀವಿ," ಎಂದರು. ಮದುಮಗನ ಅಪ್ಪನ ಮುಖ ಕೆಂಪಗಾಯಿತು. ಅಜ್ಜಿ ಕೈಯೆತ್ತಿ ಮಗನನ್ನು ಸುಮ್ಮನಾಗಿಸಿದಳು.

"ಕಟ್ಟಿದ ತಾಳಿ ಬಿಚ್ಚಾಕ ನಾ ಬಿಡಾಂಗಿಲ್ಲ."

"ಬಿಚ್ಚೂದು ಬ್ಯಾಡಮ್ಮ. ಕೊಳ್ಳಾಗ ಇದ್ದದ್ದನ್ನ ಹಂಗ ಹಿಡ್ಕೊಂಡು ನಿಂತರ ಸಾಕು."

"ಮಂದಿ? ನಮ್ಮಾರೆಲ್ಲ ಹೊಲಕ್ಕ ಹೋಗ್ಯಾರ. ಮಂದಿ ಇಲ್ದ ಲಗ್ನ ಎಲ್ಲಿ ನೋಡೀಯಪಾ?"

"ಮಂದಿನ್ನ ಕರ್ಕೊಂಡ ಬಂದೀನಿ," ಎಂದು ಅಣ್ಣ ಹಿಂದೆ ತಿರುಗಿದರು. ಅಜ್ಜಿ ಆ ಮೂವರನ್ನು ಮೇಲಿಂದ ಕೆಳಗೆ ನೋಡಿದಳು.

"ಇವರು ಯಾರ ಕಡ್ಯಾರು? ಗಂಡಿನ ಕಡ್ಯಾರೋ, ಹೆಣ್ಣಿನ ಕಡ್ಯಾರೋ?"

"ಫೋಟೋದಾತನ ಕಡ್ಯಾರಮ್ಮ," ಎಂದರು ಅಣ್ಣ.

ಅಜ್ಜಿ ನಕ್ಕಳು. ಎಷ್ಟು ಮದುವೆಗಳಲ್ಲಿ ನಿಂತಿದ್ದೆನೋ, ನನ್ನ ಕಡೆಯವರು ಎಂದು ಒಂದು ನರಪಿಳ್ಳೆಯೂ ಇರಲಿಲ್ಲ. ಈಗ ಮೂವರು ಇದ್ದರು. ಹರಪನಹಳ್ಳಿಯವನು ಕೂಲಿಂಗ್ ಗ್ಲಾಸು ತೆಗೆದಿಟ್ಟು ಮದುಮಗನ ಅಪ್ಪನ ರುಮಾಲು ಸುತ್ತಿಕೊಂಡ. ಬೊಮ್ಮನಹಳ್ಳಿಯವನು ಚಪ್ಪರಕ್ಕೆ ಹಸಿ ಸೊಪ್ಪು ಕಟ್ಟಿದ. ಮದುಮಗಳು ಸೀರೆಯುಟ್ಟು ಬಂದು, ನಗು ತಡೆಯಲಾರದೆ ತಲೆ ತಗ್ಗಿಸಿದಳು. ಅದೇ ನಾಚಿಕೆಯಂತೆ ಕಂಡು ಒಳ್ಳೆಯದೇ ಆಯಿತು. ಹಡಗಲಿಯವನು ಒಂದು ಕೈಯಲ್ಲಿ ಅಕ್ಷತೆ ಎರಚುತ್ತ, ಪ್ರತಿ ಸಲ ನಾನು ಗುಂಡಿ ಒತ್ತಿದಾಗಲೂ "ತಿರುಗ್ತೇನಲೇ? ನೋಡ್ಕೋ," ಎನ್ನುತ್ತಿದ್ದ. ತಿರುಗುತ್ತಿತ್ತು.

ಮರಳುವ ಬಸ್ಸಿನಲ್ಲಿ ಒಂದೇ ಉದ್ದನೆಯ ಸೀಟಿನಲ್ಲಿ ಕೂತೆವು. ಹರಪನಹಳ್ಳಿಯವನು ತನ್ನ ಖಾಲಿ ರೋಲಿನ ಕಥೆ ತೆಗೆದ. ಅವನದು ಸ್ವಂತ ಅಕ್ಕನ ಮದುವೆಯದಂತೆ, ಇವತ್ತಿಗೂ ಅಕ್ಕ ಹಂಗಿಸುತ್ತಾಳಂತೆ. ಆಮೇಲೆ ಒಬ್ಬೊಬ್ಬರದೇ ಹೊರಬಂತು. ಅಣ್ಣ ಮುಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ನಿದ್ದೆ ಹೋಗಿದ್ದರು, ಅಥವಾ ಹಾಗೆ ನಟಿಸಿದ್ದರು.

ಅಮಾವಾಸ್ಯೆಯ ದಿನ ನಮ್ಮ ಕಡೆ ಮದುವೆ ಇರುವುದಿಲ್ಲ. ಅಂಗಡಿಯವರು ಅಂಗಡಿಗೆ, ಲಾರಿಯವರು ಲಾರಿಗೆ ಪೂಜೆ ಮಾಡುತ್ತಾರೆ. ತಿಂಗಳು ತಿಂಗಳು ಅಂದು ಎಲ್ಲರೂ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನ ಹತ್ತಿರದ ಚಹಾದಂಗಡಿಗೆ ಬರಬೇಕೆಂದು ಅಣ್ಣ ಗೊತ್ತು ಮಾಡಿದರು. ಕ್ಯಾಮೆರಾಗಳನ್ನು ಒಂದೇ ಬೆಂಚಿನ ಮೇಲೆ ಸಾಲಾಗಿಟ್ಟು, ವಿಭೂತಿ ಹಚ್ಚಿ, ಒಂದೇ ಕಾಯಿ ಒಡೆಯುವುದು. ಮೊದಲ ಸಲ ಯಾರೂ ಲೆನ್ಸಿನ ಮುಚ್ಚಳ ತೆಗೆಯಲಿಲ್ಲ, ಎಂಥದ್ದಿದೆ ಎಂದು ಇನ್ನೊಬ್ಬರಿಗೆ ಗೊತ್ತಾಗಬಾರದಲ್ಲ. ಬರಬರುತ್ತ ಫ್ಲ್ಯಾಶು ಕೆಟ್ಟರೆ ಇನ್ನೊಬ್ಬನದನ್ನು ಕೇಳಿ ಒಯ್ಯುವುದು, ಜ್ವರ ಬಂದರೆ ಮದುವೆಯನ್ನು ಇನ್ನೊಬ್ಬನಿಗೆ ವಹಿಸುವುದು ಶುರುವಾಯಿತು. ಇನ್ನೊಬ್ಬನ ಬದಲು ಹೋದವನು ಅಲ್ಲಿ ತನ್ನ ವಿಳಾಸ ಹಂಚಬಾರದು ಎಂಬುದನ್ನು ಯಾರೂ ಹೇಳಲಿಲ್ಲ, ಎಲ್ಲರೂ ಪಾಲಿಸಿದೆವು. ಜಗಳವೂ ಆಗುತ್ತಿತ್ತು. ಬೊಮ್ಮನಹಳ್ಳಿಯವನು ನಾನು ಒಪ್ಪಿದ್ದ ಮನೆಗೆ ಹೋಗಿ ಕಡಿಮೆಗೆ ಮಾಡಿಕೊಡುತ್ತೇನೆಂದಾಗ ಬಹಳ ಕಾಲ ಮಾತು ಬಿಟ್ಟಿದ್ದೆವು. "ಮಾತು ಬಿಡ್ರಿ, ಬರೂದು ಬಿಡಬ್ಯಾಡ್ರಿ," ಎಂದರು ಅಣ್ಣ. ಅವನ ಕಡೆ ಬೆನ್ನು ಹಾಕಿ ಕೂತು ಚಹಾ ಕುಡಿದು ಬರುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ಒಬ್ಬೊಬ್ಬರಾಗಿ ಎಲ್ಲರೂ ಕೊಂಡೆವು. ಊರಲ್ಲೇ ಕಂಪ್ಯೂಟರು, ಊರಲ್ಲೇ ಪ್ರಿಂಟು. ಒಯ್ಯಲು ರೋಲೇ ಇಲ್ಲವಾಯಿತು. ಅಣ್ಣ ಸ್ವಲ್ಪ ದಿನ ಆಲ್ಬಮ್ಮಿನ ರಟ್ಟು ಮಾರಿದರು, ಆಮೇಲೆ ಅದನ್ನೂ ಬಿಟ್ಟರು. ಆದರೂ ಅಮಾವಾಸ್ಯೆಗೆ ಕೊಟ್ಟೂರಿನಿಂದ ಬರುವುದು ತಪ್ಪಿಸಲಿಲ್ಲ. ಬರಿಗೈಲಿ ಬಂದು ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದರು. "ಈಗ ತಪ್ಪಾದ್ದು ಅಲ್ಲೇ ಕಾಣ್ತೈತಿ. ಚಲೋ ಆತು ಬಿಡ್ರಿ," ಎಂದರು ಒಮ್ಮೆ. ಚಲೋ ಆದವರ ದನಿ ಅದಾಗಿರಲಿಲ್ಲ. ನಾವು ಇನ್ನೊಂದು ಚಹಾ ಹೇಳಿದೆವು.

ಅವರು ತೀರಿಕೊಂಡ ಸುದ್ದಿಯನ್ನು ಬೊಮ್ಮನಹಳ್ಳಿಯವನು ಬೆಳಿಗ್ಗೆ ಫೋನಿನಲ್ಲಿ ಹೇಳಿದ. ಮಲಗಿದ್ದವರು ಏಳಲಿಲ್ಲವಂತೆ, ಮಧ್ಯಾಹ್ನವೇ ಮಣ್ಣಂತೆ. ಅಂದು ಮುಹೂರ್ತದ ಭರಾಟೆ, ನಾಲ್ವರಿಗೂ ಮದುವೆಗಳಿದ್ದವು. ಫೋಟೋದವನು ಮುಹೂರ್ತಕ್ಕೆ ಹೋಗದೆ ಇರುವ ಹಾಗಿಲ್ಲ. ಫೋನಿನಲ್ಲೇ ಹಂಚಿಕೊಂಡೆವು. ಹಡಗಲಿಯವನು, ಹರಪನಹಳ್ಳಿಯವನು ಕೊಟ್ಟೂರಿಗೆ ಹೋಗುವುದು, ಉಳಿದಿಬ್ಬರು ಅವರ ಮದುವೆಗಳನ್ನೂ ನೋಡಿಕೊಳ್ಳುವುದು. ಹರಪನಹಳ್ಳಿಯವನು ಒಪ್ಪಿಕೊಂಡಿದ್ದ ಮದುವೆ ಕೂಡ್ಲಿಗಿಯಲ್ಲೇ, ನನ್ನದು ಮುಗಿದ ಒಂದು ಗಳಿಗೆಗೆ ಇತ್ತು. ಹಾಗಾಗಿ ಅದು ನನಗೆ ಬಂತು. ನಾನು ಹೋಗುತ್ತೇನೆ, ನನ್ನ ಋಣ ದೊಡ್ಡದು ಎನ್ನಬೇಕೆಂದು ಬಾಯಿ ತನಕ ಬಂದಿತ್ತು. ಆದರೆ ಯಾರಾದರೂ ಉಳಿಯಲೇಬೇಕಿತ್ತು.

ಎರಡನೆಯ ಮದುವೆಯಲ್ಲಿ ಬಳಗದವರು ವೇದಿಕೆ ಹತ್ತಿ ಸಾಲಾಗಿ ನಿಲ್ಲುತ್ತಿದ್ದಾಗ ಫೋನು ಬಂತು. ಒಂದು ನಿಮಿಷ ಎಂದು ಕೈಸನ್ನೆ ಮಾಡಿ, ಹಿಂದೆ ಪಾತ್ರೆ ತೊಳೆಯುವ ಕಡೆ ಹೋದೆ. ಹರಪನಹಳ್ಳಿಯವನು.

"ಮಣ್ಣಾತಪ್ಪ," ಎಂದ. "ನಿನ್ನ ಪಾಲಿಂದೂ ಒಂದು ಹಿಡಿ ನಾನೇ ಹಾಕೀನಿ."

ನಾನು ಅಲ್ಲೇ ಗೋಡೆಗೆ ಒರಗಿ ಅತ್ತೆ. ಅವನ ಬದಲು ಒಪ್ಪಿಕೊಂಡ ಮದುವೆ ಇನ್ನೂ ಮುಗಿದಿರಲಿಲ್ಲ. ನಲ್ಲಿಯಲ್ಲಿ ಮುಖ ತೊಳೆದುಕೊಂಡು ಹೋದೆ.