ಬೆನ್ನುನೋವೇ ಇಲ್ಲದ ಬೀದಿ

ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಯ ಟೀಚರ್ ಶ್ಯಾಮಲಮ್ಮನವರು ನಿಯಮ ಬಿಟ್ಟು ಒಂದು ಲೋಟ ನೀರೂ ಕುಡಿದವರಲ್ಲ. ಅರವತ್ತಮೂರನೇ ಇಸವಿಯಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು ಹರೆಯದ ಮಕ್ಕಳ ಬೆನ್ನುನೋವಿನ ಸರ್ವೆ ಮಾಡಿಸಲು ಬಂದಾಗ, ಹೆಡ್‌ಮಾಸ್ತರರು ಹಿಂದೆಮುಂದೆ ನೋಡದೆ ಇವರ ಹೆಸರು ಕೊಟ್ಟರು.

ಡಾಕ್ಟರು ಹೇಳಿಕೊಟ್ಟರು: ಮನೆಮನೆಗೂ ಹೋಗಬೇಕು, ಎಲ್ಲರಿಗೂ ಒಂದೇ ಪ್ರಶ್ನೆ, ಬಂದ ಉತ್ತರವನ್ನೇ ಬರೆಯಬೇಕು. ನೋವಿರುವುದು ಖಚಿತವಾದರೆ, ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ದಿನವಿಡೀ ಬಗ್ಗಿ ಚರಕ ತಿರುಗಿಸುವ ಹುಡುಗಿಯರಿಗೆ ಎತ್ತರದ ಚರಕ ಕೊಡಿಸಲು ಸರ್ಕಾರಕ್ಕೆ ಬರೆಯುತ್ತೇನೆ ಎಂದರು. ಅಷ್ಟು ಕೇಳಿದ್ದೇ ಶ್ಯಾಮಲಮ್ಮನವರಿಗೆ ಹಳೆಯ ಶಿಷ್ಯೆ ಕದಿರಮ್ಮ ನೆನಪಾದಳು. ಲೆಕ್ಕದಲ್ಲಿ ಬಲು ಚುರುಕು. ಶಾಲೆ ಬಿಡಿಸಿ ಚರಕಕ್ಕೆ ಹಾಕಿದ್ದರು.

ಸರ್ವೆ ಶುರುವಾಯಿತು. ಹುಡುಗಿಗೆ ವಯಸ್ಸೆಷ್ಟು, ಏನು ಕೆಲಸ, ಬೆನ್ನು ನೋಯುತ್ತದೆಯೇ? ಬೀದಿಗೆ ಬೀದಿಯೇ ‘ಇಲ್ಲ’ ಅಂದಿತು. ಹೋದಲ್ಲೆಲ್ಲ ಕಾಫಿ, ಚಕ್ಕುಲಿ; ಹುಡುಗಿಯರ ತಲೆತುಂಬ ಕನಕಾಂಬರ. ಸರ್ವೆಯೆಂದರೆ ಜನಕ್ಕೆ ಇಷ್ಟು ಮರ್ಯಾದೆಯೇ ಎಂದು ಅವರು ಹಿಗ್ಗಿದ್ದೇ ಹಿಗ್ಗಿದ್ದು.

ಪಾಪ, ಅವರ ತಮ್ಮ ವೆಂಕಟರವಣಪ್ಪ ತಾಲ್ಲೂಕು ಕಚೇರಿ ಗುಮಾಸ್ತೆಯಾಗಿ, ಮದುವೆಯಿಲ್ಲದೆ ಮನೆಯಲ್ಲಿದ್ದ. ಅಂಥವನ ಅಕ್ಕ ಹುಡುಗಿಯ ವಯಸ್ಸು, ಕೆಲಸ, ಆರೋಗ್ಯ ವಿಚಾರಿಸಿಕೊಂಡು ಹೊಸ್ತಿಲು ತುಳಿದರೆ ನಮ್ಮ ಕಡೆ ಅದನ್ನು ಸರ್ವೆ ಅನ್ನುವುದಿಲ್ಲ, ಹೆಣ್ಣು ನೋಡುವುದು ಅನ್ನುತ್ತಾರೆ.

ಕದಿರಮ್ಮನ ತಾಯಿ ಗಂಗುಲಮ್ಮನಂತೂ ಪ್ರಶ್ನೆ ಮುಗಿಯಲೇ ಬಿಡಲಿಲ್ಲ.

“ನೋವಾ? ನಮ್ ಹುಡ್ಗೀಗಾ? ಏ ಅಮ್ಮಾಯ್, ಆ ಕೊಡ ಎತ್ತೇ!”

ಕದಿರಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸಿದಳು. ತುಟಿ ಕಚ್ಚಿ, ಗೋಡೆ ಹಿಡಿದು ನಿಂತಳು. ಮುಖ ಬಿಳಿಚಿಹೋಯಿತು.

“ನೋಡಿದ್ರಾ ಟೀಚರಮ್ಮಾ? ನಾಳೆ ನಿಮ್ಮನೆ ಬಾವಿ ನೀರೆಲ್ಲ ಇವಳೇ ಸೇದಿ ಹಾಕ್ತಾಳೆ!”

ಆಗ ಶ್ಯಾಮಲಮ್ಮನವರಿಗೆ ಕಾಫಿ, ಚಕ್ಕುಲಿ, ಕನಕಾಂಬರ ಎಲ್ಲವೂ ಅರ್ಥವಾದವು. ಎದ್ದು ನಿಂತು ಜನ್ಮದಲ್ಲೇ ಮೊದಲ ಸುಳ್ಳು ಹೇಳಿದರು. “ಮೊದ್ಲು ಆ ಕೊಡ ಇಳಿಸಮ್ಮ. ಗಂಗುಲಮ್ಮ, ನಮ್ ತಮ್ಮಂಗೆ ಜಂಗಮಕೋಟೇಲಿ ಹೆಣ್ಣು ಗೊತ್ತಾಗಿದೆ ಕಣ್ರೀ. ನಾನು ಬಂದಿರೋದು ಸರ್ವೆಗೆ!”

ಸುದ್ದಿ ಅವರಿಗಿಂತ ಮೊದಲೇ ಬೀದಿಯ ಕೊನೆ ಮುಟ್ಟಿತು. ಮಾರನೆಯ ದಿನದಿಂದ ಕಾಫಿ ನಿಂತಿತು, ಬೆನ್ನುನೋವು ಶುರುವಾಯಿತು. “ಎರಡು ವರ್ಷದಿಂದ ನಿದ್ದೇನೇ ಇಲ್ಲ ನಮ್ ಹುಡ್ಗೀಗೆ” ಎಂದು, ಎತ್ತರದ ಚರಕದ ಆಸೆಗೆ, ತಾಯಂದಿರೇ ಮತ್ತೆ ಕರೆದು ಹೇಳಿ ಬರೆಸಿದರು. ಹಲ್ಲಿಲ್ಲದ ಅಕ್ಕಯ್ಯಜ್ಜಿ ಕೂಡ “ನನ್ನೂ ಹರೇದೋಳು ಅಂತ ಬರ್ಕಳಮ್ಮ” ಎಂದು ಹಟ ಹಿಡಿದಳು.

ಕದಿರಮ್ಮ ಒಬ್ಬಳೇ ಶಾಲೆಗೆ ಬಂದಳು.

“ಇಲ್ಲಿ ನಿಮ್ಮಮ್ಮ ಇಲ್ಲ. ಧೈರ್ಯವಾಗಿ ಹೇಳಮ್ಮ, ನೋಯುತ್ತೆ ತಾನೇ?”

“ನೋಯುತ್ತೆ ಟೀಚರ್. ಬಗ್ಗಿದ್ರೆ ಏಳಕ್ಕಾಗಲ್ಲ. ಆದ್ರೆ ಇಲ್ಲ ಅಂತ್ಲೇ ಬರ್ಕೊಳಿ.”

“ಹುಚ್ಚಿ! ಬರೆದ್ರೆ ಎತ್ತರದ ಚರಕ ಕೊಡ್ತಾರೆ ಕಣೇ.”

“ಕೊಡ್ತಾರೆ. ಸಾಯೋವರ್ಗೂ ಅದನ್ನೇ ತಿರುಗಿಸ್ತಾ ಇರ್ಬೇಕು. ನೋವಿಲ್ಲ ಅಂದ್ರೆ ಯಾರಾದ್ರೂ ಮದ್ವೆ ಮಾಡ್ಕೊಂಡು ಕರ್ಕೊಂಡೋಗ್ತಾರೆ.” ಹೊರಟವಳು ತಿರುಗಿ ಕೇಳಿದಳು: “ನಿಮ್ಗೆ ಇನ್ನೊಬ್ಬ ತಮ್ಮ ಇಲ್ವಾ ಟೀಚರ್?”