ದ್ವೀಪಕ್ಕೆಂದು ಕಟ್ಟಿದ ಬುತ್ತಿ

ಪುಣೆಯ ಹೊರವಲಯದ ವಾಕಡದ ಕಡೆ ಹೊಸ ಕಟ್ಟಡಕ್ಕೆಂದು ಅಗೆದು ಹಾಕಿದ ಕರಿಯ ಕಲ್ಲಿನ ಗುಡ್ಡೆ ಕಂಡರೆ ನನಗೆ ಈಗಲೂ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ವಾಸನೆ ಬಂದಂತಾಗುತ್ತದೆ. ಅದಕ್ಕೆ ಅಪ್ಪ ಕಾರಣ.

ಅಪ್ಪ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು. ಸದಾಶಿವ ಪೇಠದ ನಮ್ಮ ಎರಡು ಖೋಲಿಯ ಮನೆಯಲ್ಲಿ ದೇವರ ಫೋಟೊಗಳಿಗಿಂತ ದೊಡ್ಡದಾದ ಜಗತ್ತಿನ ನಕಾಶೆ ಇತ್ತು. ಅದರಲ್ಲಿ ಹಿಂದೂ ಮಹಾಸಾಗರದ ತೀರ ಕೆಳಗೆ, ಸಾಸಿವೆ ಚೆಲ್ಲಿದಂತೆ ಕೆಲವು ಚುಕ್ಕೆಗಳು. ಜ್ವಾಲಾಮುಖಿಗಳಿಂದ ಎದ್ದ, ನರಪಿಳ್ಳೆಯಿಲ್ಲದ ದ್ವೀಪಗಳು. ಅಪ್ಪನ ಜೀವವೆಲ್ಲ ಅಲ್ಲೇ.

"ಮಂದಿ ಇಲ್ಲದ ಜಾಗಾದಾಗ ನಿಮ್ಮ ಪಾಠ ಕೇಳೋರ್ಯಾರ್ರೀ?" ಎಂದು ಅವ್ವ ಕಾಡಿಸುತ್ತಿದ್ದಳು. ಮನೆಯಲ್ಲಾದರೂ ಯಾರು ಕೇಳುತ್ತಿದ್ದರೆಂದು ನನಗೆ ಒಳಗೊಳಗೇ ನಗು.

ಊಟಕ್ಕೆ ಕೂತರೂ ಪಾಠವೇ. ರೊಟ್ಟಿಯ ಮೇಲಿನ ಗುಳ್ಳೆ ತೋರಿಸಿ ಹೇಳುವರು: "ಲಾವಾದಾಗೂ ಹಿಂಗ ಗಾಳಿ ಸಿಕ್ಕೊಂಡು ಗುಳ್ಳಿ ಏಳ್ತಾವ. ಆ ದ್ವೀಪದ ಕಲ್ಲು ಇನ್ನೂ ಎಳೀವು, ಗುಳ್ಳಿ ಖಾಲಿ ಅದಾವ. ನಮ್ಮ ಪುಣೆದ್ದೂ ಲಾವಾನ, ಆದ್ರ ಭಾಳ ಹಳೀ ಕಲ್ಲು. ನೀರು ಇಳಿದಿಳಿದು ಗುಳ್ಳಿ ತುಂಬ ಬಿಳೀ ಹರಳು."

ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ನಿವೃತ್ತಿಯ ಹೊಸ್ತಿಲಲ್ಲಿ, ಆ ಕಡೆ ಹೊರಟ ಸಂಶೋಧನಾ ಹಡಗಿನಲ್ಲಿ ಅಪ್ಪನಿಗೆ ಜಾಗ ಸಿಕ್ಕಿತು. ಕಾಡಿಸುತ್ತಿದ್ದ ಅವ್ವನೇ ಸೆರಗು ಕಟ್ಟಿ ನಿಂತಳು. ಹಡಗಿನಲ್ಲಿ ಊಟ ಕೊಡುತ್ತಾರೆಂದರೂ ಕೇಳದೆ ಜೋಳದ ರೊಟ್ಟಿ ಬಡಿದು, ಒಣಗಿಸಿ ಖಡಕ್ ಮಾಡಿ, ಶೇಂಗಾ ಹಿಂಡಿಯ ಡಬ್ಬಿಯ ಜೊತೆ ಹಳೆಯ ಧೋತರದಲ್ಲಿ ಗಂಟು ಕಟ್ಟಿದಳು.

ಹೊರಡುವ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಅಪ್ಪನ ಹೃದಯದಲ್ಲಿ ದೋಷ ಕಂಡಿತು. ಹಡಗು ಅವರನ್ನು ಬಿಟ್ಟು ಹೋಯಿತು. ಅಪ್ಪ ಯಾರನ್ನೂ ಬೈಯಲಿಲ್ಲ. ನಕಾಶೆಗೆ ಬೆನ್ನು ಮಾಡಿ ಕೂತು ಉಣ್ಣತೊಡಗಿದರು. ಪಾಠ ನಿಂತುಹೋಯಿತು.

ಒಂದು ಭಾನುವಾರ ಅವ್ವ ಆ ಗಂಟನ್ನು ಎತ್ತಿಕೊಂಡು ನಮ್ಮಿಬ್ಬರನ್ನೂ ರಿಕ್ಷಾ ಹತ್ತಿಸಿದಳು. ಇಳಿದದ್ದು ಗುಡ್ಡದ ಬುಡದಲ್ಲಿದ್ದ, ಕೆಲಸ ನಿಂತ ಕಲ್ಲುಗಣಿಯಲ್ಲಿ. ಕರಿಯ ಬಂಡೆಯ ಮೇಲೆ ಗಂಟು ಬಿಚ್ಚುತ್ತ ಕೇಳಿದಳು:

"ಈ ಕಲ್ಲು ಹರಿದು ಬಂದಾಗ ಇಲ್ಲಿ ಮಂದಿ ಇದ್ದರೇನ್ರಿ?"

"ಆವಾಗ ಮಂದಿ ಎಲ್ಲಿಂದ ಬರಬೇಕು?" ಅಪ್ಪ ಗೊಣಗಿದರು.

"ಮತ್ತ ಇದೂ ಅಂಥಾದ್ದ ಜಾಗಾ ಆತಲ್ಲ. ಬರ್ರಿ, ಉಣ್ರಿ."

ಅಪ್ಪ ಬಂಡೆಯ ಮೇಲೆ ಕೈಯಾಡಿಸಿದರು. ಕನ್ನಡಕ ಒರೆಸಿಕೊಂಡರು. ಆಮೇಲೆ ರೊಟ್ಟಿ ಮುರಿದು, ಗುಳ್ಳೆಯ ಮೇಲೆ ಬೆರಳಿಟ್ಟು, "ಇಲ್ಲೆ ನೋಡು, ಲಾವಾದಾಗೂ ಹಿಂಗ..." ಎಂದು ಶುರುಮಾಡಿದರು.

ಮದುವೆಯಾದಾಗಿನಿಂದ ಅದನ್ನೇ ಕೇಳುತ್ತ ಬಂದಿದ್ದ ಅವ್ವ, "ಹೌದೇನ್ರಿ?" ಎಂದಳು.